ರಾ. ರಾ. ವಾಯುಭಾರ ಕುಸಿತ ಅವರಿಗೆ

ತಾಲೂಕು ಜತ್ತ, ಜಿಲ್ಲಾ ಸಾಂಗಲಿ
ಖಂಡೇನವಮಿ, 14 ಅಕ್ಟೋಬರ್ 2021

ರಾ. ರಾ. ತೀವ್ರ ವಾಯುಭಾರ ಕುಸಿತ ಅವರಿಗೆ,
ಮೂಲ ವಸ್ತಿ ಬಂಗಾಳ ಉಪಸಾಗರ, ಕಡೆಗೆ ಕಂಡದ್ದು ಅರಬ್ಬೀ ಸಮುದ್ರದಲ್ಲಿ.

ಸಾ. ನ. ವಿ. ವಿ.

ನಾವು ಇಲ್ಲಿ ಕ್ಷೇಮ. ತಮ್ಮ ಕ್ಷೇಮಕ್ಕೆ ಬರೆಯುವುದು ಬೇಡ. ತಾವು ಕ್ಷೇಮವಾಗಿದ್ದೀರಿ ಎಂದರೆ ಮತ್ತೆ ಬರುತ್ತೀರಿ ಎಂದರ್ಥ.

ಇಷ್ಟಕ್ಕೆ ತಾವು, ತಮ್ಮ ಮುಗಿಯಿತು. ಇನ್ನು ನೀನು ಅನ್ನುತ್ತೇನೆ. ಕೇಳದೆ ಮನೆಯೊಳಗೆ ಬಂದು, ಮಾಳಗಿಯಿಂದ ಇಳಿದು, ಹಾಸಿಗೆ ತೋಯಿಸಿ ಹೋದವನಿಗೆ ಬಹುವಚನ ಯಾಕೆ?

ಇವತ್ತಿನ ಸಂಗತಿಯಿಂದಲೇ ಸುರು ಮಾಡುತ್ತೇನೆ, ಸಿಟ್ಟು ಇನ್ನೂ ಬಿಸಿ ಇದೆ. ಮುಂಜಾನೆಯ ಎಸ್ಟಿ ಹಿಡಿದು ಒಂದು ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಅಂತ ಹೇಳುವುದಿಲ್ಲ, ಮುಂದಿನ ವಾರ ಮತ್ತೆ ಅಲ್ಲಿಗೇ ಹೋಗಬೇಕು. ಚೀಲದಲ್ಲಿ ಸಾತಬಾರಾ, ಎಂಟು-ಅ, ಆಧಾರ, ಪಾಸಬುಕ್ಕಿನ ಝೆರಾಕ್ಸು, ಕಳೆದ ವರ್ಷದ ಅರ್ಜಿಯ ಪೋಚಪಾವತಿ. ಬಾಗಿಲಲ್ಲೇ ಊದಿನಕಡ್ಡಿಯ ವಾಸನೆ. ಕಪಾಟಿಗೆ ಚೆಂಡು ಹೂವಿನ ಸರ, ಸ್ಟೇಪ್ಲರಿಗೆ ಅರಿಶಿನ, ಕಂಪ್ಯೂಟರಿನ ಹಣೆಗೆ ಕುಂಕುಮ. ಕೀಬೋರ್ಡಿನ ಮೇಲೆ ಅಕ್ಷತೆ ಚೆಲ್ಲಿದ್ದರು. ಕೂತಿದ್ದ ಹುಡುಗ ಒಳ್ಳೆಯವನು, ಘಾಟಿನ ಕಡೆಯಿಂದ ಬದಲಿಯಾಗಿ ಬಂದವನು. ಮರಾಠಿಯಲ್ಲಿ ಹೇಳಿದ: ಪೂಜೆ ಆಗಿದೆ ಗುರೂಜಿ, ಇವತ್ತು ಇದಕ್ಕೆ ಕೈ ಹಚ್ಚುವಂತಿಲ್ಲ. ರೈತನ ಕೂರಿಗೆ, ಕುಂಟೆ ಇವತ್ತು ಪೂಜೆಗೆ ಕೂಡುತ್ತವೆ, ಸರಿ. ವರ್ಷವೆಲ್ಲ ದುಡಿದಿರುತ್ತವೆ, ಒಂದು ದಿನ ರಜೆ. ಈ ಕಂಪ್ಯೂಟರು ಯಾವ ಹೊಲ ಹರಗಿ ದಣಿದಿದೆಯೋ ನಾನರಿಯೆ.

"ಮತ್ತ ಯಾವಾಗ ಬರ್ಲಿ?"

"ಉದ್ಯಾ ಯಾ, ಗುರುಜೀ."

ನಾಳೆ ಬರ್ರಿ ಅಂತ. ನಾಳೆ ಬನ್ನಿ ಹಬ್ಬ, ಸೂಟಿ. ನಾಡಿದ್ದು ಶನಿವಾರ, ಹೋದ ವರ್ಷದಿಂದ ಮಹಾರಾಷ್ಟ್ರ ಸರಕಾರಕ್ಕೆ ವಾರಕ್ಕೆ ಐದೇ ದಿನ. ಆಚೆಯದು ರವಿವಾರ. ಇದನ್ನೆಲ್ಲ ನಾನು ಬೆರಳು ಮಡಚಿ ಎಣಿಸಿ ತೋರಿಸಿದಾಗ ಹುಡುಗ ನಕ್ಕು, ಸೋಮವಾರ ಬರ್ರಿ ಅನ್ನುವ ಬದಲು ಮತ್ತೊಂದು ಪ್ರಶ್ನೆ ಕೇಳಿದ. ಈ ಪತ್ರ ಬರೆಯಿಸುತ್ತಿರುವುದು ಆ ಪ್ರಶ್ನೆಯೇ.

"ಕೋಣತಂ ವಾದಳ? ನಿಸರ್ಗ ಕಾ ತೌಕ್ತೆ?"

ವಾದಳ ಅಂದರೆ ಬಿರುಗಾಳಿ. ಯಾವ ಬಿರುಗಾಳಿ? ನಾನು ಬಾಯಿ ತೆರೆದೆ, ಮುಚ್ಚಿದೆ. ನಿನ್ನ ಹೆಸರೇನಪ್ಪ?

ನಿನಗೆ ಹೆಸರೇ ಇಲ್ಲ. ಗಾಳಿ ಗಂಟೆಗೆ 62 ಕಿಲೋಮೀಟರ್ ವೇಗ ಮುಟ್ಟಿದರೆ ಮಾತ್ರ ನಾಮಕರಣ. ಹದಿಮೂರು ದೇಶದವರು ಸೇರಿ, 2020ರ ಏಪ್ರಿಲ್‌ನಲ್ಲಿ 169 ಹೆಸರುಗಳ ಯಾದಿ ಹೊರಡಿಸಿ ಇಟ್ಟಿದ್ದಾರೆ. ಕೂಸು ಹುಟ್ಟುವ ಮೊದಲೇ ಕುಲಾಯಿ ಎಂದು ನಮ್ಮಲ್ಲಿ ನಗುತ್ತಾರೆ, ಅಲ್ಲಿ ಕುಲಾಯಿಯ ಗಂಟೇ ಇದೆ. ಆ ಯಾದಿಯ ಮೊದಲ ಹೆಸರು ನಿಸರ್ಗ, ಬಾಂಗ್ಲಾದೇಶದವರು ಕೊಟ್ಟದ್ದು. ಕಳೆದ ವರ್ಷ ಜೂನ್ 3ಕ್ಕೆ ರಾಯಗಡದ ದಂಡೆ ಹತ್ತಿತು. ತೌಕ್ತೆ ಮ್ಯಾನ್ಮಾರಿನವರದು, ಹಲ್ಲಿಯ ಜಾತಿಯ ಒಂದು ಪ್ರಾಣಿಯಂತೆ. ಹಲ್ಲಿಗೂ ಹೆಸರಿದೆ. ಹೋದ ತಿಂಗಳು ಬಂದ ಗುಲಾಬನಂತೂ ಭಾಗ್ಯವಂತ. ಸೆಪ್ಟೆಂಬರ್ 26ಕ್ಕೆ ಕಳಿಂಗಪಟ್ಟಣದ ಹತ್ತಿರ ನೆಲ ಹತ್ತಿ, ಮರಾಠವಾಡದ ಸೋಯಾ ಮುಳುಗಿಸಿ, ಅರಬ್ಬೀ ಸಮುದ್ರಕ್ಕಿಳಿದು ಶಾಹೀನ್ ಅಂತ ಎರಡನೆಯ ಹೆಸರು ಇಟ್ಟುಕೊಂಡು ಓಮಾನಿಗೆ ಹೋದ. ಒಬ್ಬನಿಗೇ ಎರಡು ಹೆಸರು! ನೀನೂ ಎರಡು ಸಮುದ್ರ ಕಂಡವನೇ. ಆಚೆಯಿಂದ ಹತ್ತಿದೆ, ಈಚೆ ಇಳಿದೆ, ಇಳಿದು ಮತ್ತೆ ತಿರುಗಿದೆ. ಕಡತದಲ್ಲಿ ಮಾತ್ರ 'ಬಿಒಬಿ 02', ಎಸ್ಟಿ ಬಸ್ಸಿನ ಹಿಂದೆ ಬರೆದಂತೆ ಒಂದು ನಂಬರು. ನಾಲ್ಕಾರು ಕಿಲೋಮೀಟರು ವೇಗ ಕಡಿಮೆ ಬಿದ್ದು ಫೇಲಾದ ಹುಡುಗ ನೀನು.

ಮೂವತ್ತೆರಡು ವರ್ಷ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವನು ನಾನು. ನಾಲ್ಕು ಅಂಕಕ್ಕೆ ಫೇಲಾದವರು ಪಾಸಾದವರಿಗಿಂತ ಹೆಚ್ಚು ಗದ್ದಲ ಮಾಡುತ್ತಾರೆ ಅನ್ನುವುದು ನನಗೆ ಹೊಸದಲ್ಲ.

ನೀನು ಬರುವ ಸುದ್ದಿ ನಮಗೆ ಮೊದಲೇ ಗೊತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ. ಎರಡೂ ಖರೆ. ಹೋದ ವರ್ಷ ಅಕ್ಟೋಬರ್ 13ರ ಮುಂಜಾನೆ ಕಾಕಿನಾಡದ ಹತ್ತಿರ ನೀನು ದಂಡೆ ಹತ್ತಿದ್ದನ್ನು ಟಿವಿಯಲ್ಲಿ ನೋಡಿದೆವು. ಕಾಕಿನಾಡ ಎಲ್ಲಿ, ಜತ್ತ ಎಲ್ಲಿ, ಸುಮಾರು ಏಳುನೂರೈವತ್ತು ಕಿಲೋಮೀಟರು. ಆದರೆ ನಕಾಶೆ ಬಿಚ್ಚಿ ನೋಡು, ಎರಡೂ ಊರು ಹದಿನೇಳನೆಯ ಅಕ್ಷಾಂಶದ ಗೆರೆಗೆ ಅಂಟಿಕೊಂಡಿವೆ. ಗೌಂಡಿ ಸೂತ ಹಿಡಿದಂತೆ ನೆಟ್ಟಗೆ ಬಂದೆ. ಅಂದು ರಾತ್ರಿ ಹೈದರಾಬಾದಿನಲ್ಲಿ ಕೆರೆ ಒಡೆದವು. ನಾವು ಅಯ್ಯೋ ಪಾಪ ಅಂದು ಮಲಗಿದೆವು.

ಮರುದಿನ ಕನ್ನಡ ಚಾನೆಲ್ಲಿನಲ್ಲಿ ನಕಾಶೆ ತೋರಿಸಿದರು. ಕಲಬುರಗಿ ಕೆಂಪು, ವಿಜಯಪುರ ಕೆಂಪು, ಅದರಾಚೆ ಬಿಳಿ ಹಾಳೆ. ಕರ್ನಾಟಕ ಮುಗಿದಲ್ಲಿ ಮಳೆಯೂ ಮುಗಿಯಿತು. ಮರಾಠಿ ಚಾನೆಲ್ಲಿಗೆ ತಿರುವಿದೆ. ಸೋಲಾಪುರ, ಪಂಢರಪುರ, ಪುಣೆ, ಮುಂಬಯಿ. ನಾವಿರಬೇಕಾದ ಜಾಗದಲ್ಲಿ ಸುದ್ದಿ ಓದುವ ಹೆಣ್ಣುಮಗಳ ಮೊಣಕೈ ಇತ್ತು. ಆಕೆ ಕೈ ತೆಗೆದರೆ ಜತ್ತ ಕಂಡೀತು ಅಂತ ನಾನು ಬಹಳ ಹೊತ್ತು ಕಾದೆ, ತೆಗೆಯಲಿಲ್ಲ. ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರದ ದಾನಮ್ಮ, ಎಲ್ಲರೂ ಆ ಮೊಣಕೈಯ ಕೆಳಗೆ.

ಆದರೂ ಬರಲಿ ಅಂದವರು ನಾವೇ, ಸುಳ್ಳು ಯಾಕೆ ಹೇಳಲಿ? ಸಹ್ಯಾದ್ರಿ ತನ್ನ ಕಡೆ ಹಿಂಡಿಕೊಂಡು ಉಳಿದ ತೇವ ನಮ್ಮ ಮುಂಗಾರು. ನಮಗೆ ಜೋಳ ಬಿತ್ತಿಸುವುದು ಉತ್ತರಿ, ಹಸ್ತ, ಚಿತ್ತಿ ಮಳೆಗಳು, ಬಂಗಾಳದ ಕಡೆಯಿಂದ ನಿನ್ನಂಥವರು ತಂದು ಚೆಲ್ಲುವ ನೀರು. ಚಿತ್ತಿಗೆ ನಮ್ಮವರು ಕುರುಡ ಚಿತ್ತಿ ಅನ್ನುತ್ತಾರೆ. ಕುರುಡನಂತೆ ಬರುತ್ತದೆ, ಒಂದು ಹೊಲಕ್ಕೆ ಕೆರೆ ಆಗುವಷ್ಟು, ಬದುವಿನಾಚೆ ಧೂಳು. ಈ ಮಾತು ನೆನಪಿಡು, ಮುಂದೆ ಬರುತ್ತದೆ.

14ರ ಇಳಿಹೊತ್ತಿಗೆ ಮೋಡ ಬಂದಾಗ ಅವ್ವ ಹೊಸ ಸ್ಟೀಲಿನ ಬೋಗಾಣಿ ತಂದು ಅಂಗಳದ ನಡುವೆ ಇಟ್ಟಳು. ಮಳೆ ಅಳೆಯಲು ಅಲ್ಲ. ನಮ್ಮ ಬೋರಿನ ನೀರಿನಲ್ಲಿ ಬೇಳೆ ಕುದಿಯುವುದಿಲ್ಲ, ಎರಡು ತಾಸು ಉರಿ ಹಚ್ಚಿದರೂ ಹರಳಿನಂತೆ ಇರುತ್ತದೆ. ಮಳೆ ನೀರಿನಲ್ಲಿ ಹೂವಿನಂತೆ ಅರಳುತ್ತದೆ. ಎಂಬತ್ತು ದಾಟಿದ ಮುದುಕಿಗೆ ನೀನು ಬರುವುದೆಂದರೆ ನಾಳೆಯ ಬೇಳೆ, ಅಷ್ಟೆ. ಏಳಕ್ಕೆ ಕರೆಂಟು ಹೋಯಿತು. ಒಂಬತ್ತಕ್ಕೆ ಮಾಳಗಿ ಸೋರಲು ಹತ್ತಿತು. ಮೊದಲು ದೇವರ ಮುಂದೆ, ಆಮೇಲೆ ಜೋಳದ ಚೀಲದ ಮೇಲೆ, ಆಮೇಲೆ ಲೆಕ್ಕ ಇಡಲಿಲ್ಲ. ಪರಾತ, ತಂಬಿಗೆ, ಚರಿಗೆ, ಮೊಮ್ಮಗನ ಬಣ್ಣದ ಬಕೀಟು, ಒಂದೊಂದಕ್ಕೆ ಒಂದೊಂದು ದನಿ. ಕತ್ತಲಲ್ಲಿ ಕೂತು ಯಾವ ದನಿ ಯಾವ ಪಾತ್ರೆಯದು ಅಂತ ಹುಡುಗನಿಗೆ ಗುರುತಿಸಲು ಹಚ್ಚಿದೆ, ಹೆದರಬಾರದು ಅಂತ. ಹೆದರಿದ್ದು ನಾನು. ನಡುರಾತ್ರಿಗೆ ಹಿತ್ತಲ ಗೋಡೆ ಕೂತಿತು. ಬಿದ್ದಿತು ಅನ್ನುವುದಿಲ್ಲ ನಾನು, ಮಣ್ಣಿನ ಗೋಡೆ ಬೀಳುವುದಿಲ್ಲ, ದಣಿದ ಎಮ್ಮೆಯ ಹಾಗೆ ಉಸಿರು ಬಿಟ್ಟು ಕೂಡುತ್ತದೆ.

ಬೆಳಕು ಹರಿದಾಗ ಅಂಗಳದ ಬೋಗಾಣಿಯಲ್ಲಿ ಶಾಲೆಯ ಫೂಟಪಟ್ಟಿ ಇಳಿಸಿದೆ. ಮಾಸ್ತರನ ಚಟ. ಹತ್ತು ಸೆಂಟಿಮೀಟರಿನ ಗೆರೆ ಮುಳುಗಿತ್ತು. ನೆಟ್ಟನೆಯ ಅಂಚಿನ ಬೋಗಾಣಿ, ಬಾಯಿ ಎಷ್ಟು ಅಗಲವೋ ತಳವೂ ಅಷ್ಟೇ. ನೂರು ಮಿಲಿಮೀಟರು. ಅವ್ವ, "ಅದರಾಗ ಪಟ್ಟಿ ಯಾಕ ಅದ್ದಿದಿ, ಬ್ಯಾಳಿ ನೀರ ಹೊಲಸ ಮಾಡಿದಿ" ಅಂತ ಬೈದಳು.

ಆಮೇಲೆ ತೋಟಕ್ಕೆ ಹೋದೆ. ಒಂದು ಎಕರೆ ದ್ರಾಕ್ಷಿ. ಚಾಟಣಿ ಮಾಡಿ, ಅಂದರೆ ಕಡ್ಡಿ ಸವರಿ, ಹದಿನೈದು ದಿನವಾಗಿತ್ತು. ಕಡ್ಡಿಯ ಕಣ್ಣು ಒಡೆದು, ಪೊಂಗಾ ಬಿಚ್ಚಿ, ನಾಲ್ಕೈದು ಎಲೆ. ಆ ಎಲೆಯ ಸಂದಿಯಲ್ಲಿ ಗೊನೆ ಇಷ್ಟೇ ಇಷ್ಟು ಇರುತ್ತದೆ, ಕಿರುಬೆರಳಿನ ಉಗುರಿನಷ್ಟು, ಸಜ್ಜೆಯ ತೆನೆಯನ್ನು ಕೂಸಿನ ಆಟಕ್ಕೆ ಮಾಡಿದ ಹಾಗೆ. ಅದನ್ನು ನೋಡಲು ಮಂಡಿ ಊರಿ ಕೂಡಬೇಕು. ಮೊದಲ ದಿನ ಹಸಿರೇ ಇತ್ತು. ಔಷಧ ಹೊಡೆಯಲು ಟ್ರ್ಯಾಕ್ಟರು ಒಳಗೆ ಹೋಗಲಿಲ್ಲ, ಕರಿ ನೆಲ ಮೊಣಕಾಲು ನುಂಗುತ್ತಿತ್ತು. ಮೂರನೆಯ ದಿನ ಎಲೆಯ ಮೇಲೆ ಎಣ್ಣೆ ಚೆಲ್ಲಿದಂಥ ಹಳದಿ ಕಲೆ, ಅಡಿಯಲ್ಲಿ ಬಿಳಿ ಬೂಷ್ಟು, ಡೌನಿ ರೋಗ. ಐದನೆಯ ದಿನ ಗೊನೆ ಕಂದು. ಬೆರಳು ತಾಗಿಸಿದರೆ ನೋವಿಲ್ಲದೆ ಉದುರುತ್ತಿತ್ತು, ಹಾಲುಹಲ್ಲಿನ ಹಾಗೆ. ಬೇದಾಣೆ ಆಗಿ ತಾಸಗಾಂವಿಯ ಪೇಟೆಗೆ ಹೋಗಬೇಕಾದದ್ದು ಕಾಲ ಬುಡಕ್ಕೆ ಬಿತ್ತು. ಇದಕ್ಕೆ ಮುಂದೆ ಕಾಗದದಲ್ಲಿ ಒಂದೇ ಶಬ್ದ ಬರೆದರು: ನಿರಂಕ, ಅಂದರೆ ಏನೂ ಇಲ್ಲ.

ಅಷ್ಟು ಹೊತ್ತಿಗೆ ನೀನು ಕೊಂಕಣ ದಾಟಿದ್ದೆ. ಪಂಢರಪುರದಲ್ಲಿ ಕುಂಭಾರ ಘಾಟಿನ ಗೋಡೆ ಕುಸಿದು ಆರು ಜನ ಹೋದರು. ಉಜನಿಯಿಂದ ಎರಡು ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟರು, ಭೀಮೆ ಇಂಡಿ, ಅಫಜಲಪುರದ ಹೊಲ ತುಂಬಿದಳು. ಅಲ್ಲಿಯ ಮಂದಿಯ ಮುಂದೆ ನನ್ನ ಒಂದು ಎಕರೆ ಯಾವ ಲೆಕ್ಕ ಅಂತ ಆಗ ಸುಮ್ಮನಿದ್ದೆ. ಈಗ ಸುಮ್ಮನಿರುವುದಿಲ್ಲ.

ಯಾಕಂದರೆ ಸರಕಾರ ಕೊಡುವುದಿಲ್ಲ ಅನ್ನಲಿಲ್ಲ. ಮುಖ್ಯಮಂತ್ರಿ ಉದ್ಧವ ಠಾಕ್ರೆ ಅಕ್ಕಲಕೋಟೆಯ ಕಡೆ ಬಂದು ನೋಡಿ ಹೋದರು, ಅಕ್ಟೋಬರ್ 23ಕ್ಕೆ ಹತ್ತು ಸಾವಿರ ಕೋಟಿ ಸಾರಿದರು. ಜೋಳ, ತೊಗರಿಯಂಥ ಪೀಕಿಗೆ ಹೆಕ್ಟೇರಿಗೆ 10,000, ಹಣ್ಣಿನ ತೋಟಕ್ಕೆ 25,000, ಎರಡು ಹೆಕ್ಟೇರಿನ ಮಿತಿ. ನನ್ನ ಎಕರೆಗೆ ಹತ್ತು ಸಾವಿರ ಬರಬೇಕು. ಚಾಟಣಿಯ ಕೂಲಿಗೂ ಔಷಧಕ್ಕೂ ಸಾಲದು, ಆದರೂ ಹತ್ತು ಸಾವಿರ ಹತ್ತು ಸಾವಿರವೇ. ಹಾನಿ ನೂರಕ್ಕೆ 33 ದಾಟಬೇಕು ಅಂತ ಒಂದು ನಿಯಮ. ಅದರಲ್ಲಿ ನಾನು ನೂರಕ್ಕೆ ನೂರು! ಜನ್ಮದಲ್ಲಿ ಒಮ್ಮೆ ಮೊದಲ ನಂಬರು ಬಂದೆ.

ಫೇಲಾದದ್ದು ಮತ್ತೊಂದು ಪೇಪರಿನಲ್ಲಿ.

ಅತಿವೃಷ್ಟಿ ಅಂದರೆ ಇಪ್ಪತ್ನಾಲ್ಕು ತಾಸಿನಲ್ಲಿ 65 ಮಿಲಿಮೀಟರ್ ಮೀರಿದ ಮಳೆ. ಒಳ್ಳೆಯದು. ಅದನ್ನು ಅಳೆಯುವುದು ಎಲ್ಲಿ? ನನ್ನ ಹೊಲದಲ್ಲಲ್ಲ, ನನ್ನ ಊರಿನಲ್ಲೂ ಅಲ್ಲ. ಒಂದಿಷ್ಟು ಊರು ಸೇರಿ ಒಂದು ಮಹಸೂಲ ಮಂಡಲ, ಆ ಮಂಡಲಕ್ಕೆ ಒಂದು ಮಳೆಮಾಪಕ. ನಮ್ಮ ಮಾಪಕ ಎರಡು ಗುಡ್ಡದಾಚೆ, ನಾನು ಎಂದೂ ಬೀಗತನ ಮಾಡದ ಒಂದು ಊರಿನಲ್ಲಿದೆ. ಅಲ್ಲಿ ಅಂದು ರಾತ್ರಿ 65ಕ್ಕೆ ಸ್ವಲ್ಪ ಕಡಿಮೆ ಬಿದ್ದಿತಂತೆ. ಹೀಗಾಗಿ ನನ್ನ ಹಿತ್ತಲ ಗೋಡೆ ಕೂತಿಲ್ಲ, ಗೊನೆ ಉದುರಿಲ್ಲ, ಜೋಳದ ಚೀಲ ಮೊಳಕೆ ಒಡೆದಿಲ್ಲ. ಮೊಳಕೆಯೊಡೆದ ಜೋಳವನ್ನು ನಾವು ತಿಂಗಳುಗಟ್ಟಲೆ ಎಮ್ಮೆಗೆ ಹಾಕಿದೆವು, ಆ ಎಮ್ಮೆಯೂ ಸುಳ್ಳು ಹೇಳುತ್ತಿದೆ.

ನಮ್ಮ ತೋಟದ ಪೂರ್ವಕ್ಕೆ ಒಂದು ಹಳ್ಳ. ಹಳ್ಳದಾಚೆ ಬೇರೆ ಮಂಡಲ, ಅವರ ಮಾಪಕ ಪಾಸಾಯಿತು. ಆಚೆಯವನ ಬಳ್ಳಿಗೂ ನನ್ನ ಬಳ್ಳಿಗೂ ನಡುವೆ ನಲವತ್ತು ಮಾರು. ಒಂದೇ ನರ್ಸರಿಯ ಕಡ್ಡಿ, ಒಂದೇ ವಾರ ಚಾಟಣಿ, ಒಂದೇ ಡೌನಿ. ಅವನಿಗೆ ದುಡ್ಡು ಬಂತು. ಬರಲಿ, ಅವನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ.

ಕುರುಡ ಚಿತ್ತಿ ಅಂತ ನಿನಗೆ ಬೈಯುತ್ತಿದ್ದೆವಲ್ಲ, ತಪ್ಪಾಯಿತು. ನೀನು ಹಳ್ಳದ ಎರಡೂ ಕಡೆ ಕಣ್ಣಿದ್ದವನಂತೆ ಸಮನಾಗಿ ಸುರಿದೆ. ಕುರುಡು ಎರಡು ಗುಡ್ಡದಾಚೆ ಕಂಬದ ಮೇಲೆ ನಿಂತಿದೆ.

ಇದನ್ನು ಹೇಳಲು ನಾನು ಒಂದು ವರ್ಷದಲ್ಲಿ ಎಷ್ಟು ಸಲ ಹೋದೆ ಕೇಳು. ಹೋದ ದೀಪಾವಳಿಗೆ ಮುಂಚೆ ಎರಡು ಸಲ. ಸಂಕ್ರಾಂತಿಯ ಹಿಂದು ಮುಂದು ಮೂರು ಸಲ. ಆಮೇಲೆ ಕೊರೊನಾದ ಎರಡನೆಯ ಅಲೆ, ಕಚೇರಿಯ ಬಾಗಿಲಿಗೆ ಹಗ್ಗ. ಹಗ್ಗದ ಈಚೆ ನಿಂತು ಎರಡು ಸಲ. ಪ್ರತಿ ಸಲವೂ ಉದ್ಯಾ ಯಾ. ಅರ್ಜಿ ಕನ್ನಡದಲ್ಲಿ ಬರೆದದ್ದಕ್ಕೆ ಒಮ್ಮೆ ಮರಳಿ ಬಂತು, ಮರಾಠಿಯಲ್ಲಿ ಬರೆದುಕೊಟ್ಟೆ. ಅಕ್ಷರ ಚಂದ ಇದೆ ಗುರೂಜಿ ಅಂದರು. ಪಂಚನಾಮೆಯ ಹಾಳೆಯಲ್ಲಿ ನಾನೇ ಪಂಚನಾಗಿ ಸಹಿ ಮಾಡಿದ್ದೇನೆ, ಬೇರೆಯವರ ಹೊಲದ ಹಾನಿಗೆ. ಅವರದು ಹಳ್ಳದಾಚೆ. ನನ್ನ ಸಹಿಯಿಂದ ಅವರಿಗೆ ದುಡ್ಡು ಬಂತು! ನನ್ನ ಮಾತು ಹಳ್ಳ ದಾಟಿದರೆ ಖರೆ, ಈಚೆ ಇದ್ದರೆ ಸುಳ್ಳು.

ನೀರು ಅಳೆಯುವುದರಲ್ಲಿ ನಮ್ಮ ಜಿಲ್ಲೆ ಹಿಂದೆ ಬಿದ್ದಿಲ್ಲ. ಸಾಂಗಲಿಯಲ್ಲಿ ಕೃಷ್ಣೆ ಏರಿದರೆ ಐರ್ವಿನ್ ಪೂಲಿನ ಕೆಳಗೆ ಫೂಟು, ಇಂಚು ಹಿಡಿದು ತಾಸಿಗೊಮ್ಮೆ ಸಾರುತ್ತಾರೆ. 2019ರ ಆಗಸ್ಟಿನಲ್ಲಿ ಸಾಂಗಲಿ ಬೋಟಿನಲ್ಲಿ ತಿರುಗುತ್ತಿದ್ದಾಗ ಇದೇ ಜಿಲ್ಲೆಯ ಜತ್ತಕ್ಕೆ ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು, ದನ ಚಾರಾ ಛಾವಣಿಯಲ್ಲಿದ್ದವು. ಒಂದೇ ಕಲೆಕ್ಟರ ಕಚೇರಿ, ಒಂದು ಟೇಬಲ್ಲಿಗೆ ಪೂರ, ಒಂದು ಟೇಬಲ್ಲಿಗೆ ಬರ. ಬರದ ಟೇಬಲ್ಲಿನವರು ಮಳೆ ಬಿದ್ದರೆ ನಂಬುವುದಾದರೂ ಹೇಗೆ? ಜತ್ತದಲ್ಲಿ ನೂರು ಮಿಲಿಮೀಟರು ಅಂದರೆ ರಾಜಸ್ಥಾನದಲ್ಲಿ ಮೀನು ಸಿಕ್ಕಿತು ಅಂದ ಹಾಗೆ.

ಎಲ್ಲ ಬಿಡು. ಮೊಣಕೈ ಬಿಡು, ಹೆಸರು ಬಿಡು, ಹಬ್ಬದ ಕಂಪ್ಯೂಟರೂ ಬಿಡು. ಅರವತ್ತೈದು. ರಾತ್ರಿ ಮಲಗಿದರೆ ಈ ಅಂಕಿ ಮಾಳಗಿಯಿಂದ ತೊಟ್ಟಿಕ್ಕುತ್ತದೆ. ಶಾಲೆಯಲ್ಲಿ ಒಂದೆರಡು ಅಂಕ ಕಡಿಮೆ ಬಿದ್ದ ಹುಡುಗನಿಗೆ ನಾನು ಗ್ರೇಸು ಕೊಟ್ಟು ಮುಂದೆ ನೂಕಿದ್ದೇನೆ, ಅವನ ಉತ್ತರಪತ್ರಿಕೆ ನೋಡಿ. ಬೇರೆ ಊರಿನ ಹುಡುಗನ ಉತ್ತರಪತ್ರಿಕೆ ನೋಡಿ ಇವನನ್ನು ಎಂದೂ ಫೇಲು ಮಾಡಿಲ್ಲ. ಯಾವ ಮಾಸ್ತರನೂ ಮಾಡುವುದಿಲ್ಲ. ಮಾಡಿದರೆ ಅಪ್ಪಂದಿರು ಬಡಿಗೆ ತಗೊಂಡು ಬರುತ್ತಾರೆ, ಬರಬೇಕು.

ನಿನ್ನಲ್ಲಿ ಕೇಳಿಕೊಳ್ಳುವುದು ಇಷ್ಟೆ. ಮತ್ತೆ ಬರುವುದಾದರೆ ಓಡಿ ಬಾ, 62 ದಾಟಿಸಿ ಬಾ, ಒಂದು ಹೆಸರು ಸಂಪಾದಿಸಿಕೊಂಡು ಬಾ. ಎಂಟು ಅಕ್ಷರದೊಳಗಿನ ಹೆಸರಿರಬೇಕು ಅಂತ ಅವರ ನಿಯಮ. 'ಉದ್ಯಾ' ಅಂತ ಇಟ್ಟುಕೋ, ಕಚೇರಿಯಲ್ಲಿ ಎಲ್ಲರಿಗೂ ಬಾಯಿಪಾಠ ಇದೆ. ಮತ್ತು ನಮ್ಮ ಮನೆಗೆ ಬರುವ ಮುಂಚೆ ಎರಡು ಗುಡ್ಡದಾಚೆ ಹೋಗಿ ಆ ಕಂಬದ ಮೇಲಿನ ಡಬ್ಬಿ ತುಂಬಿಸು. ಮೊದಲು ಅದು, ಆಮೇಲೆ ಬೇಳೆಯ ನೀರು.

ಕಳಾವೆ.

ನಿನ್ನ ನೂರು ಮಿಲಿಮೀಟರಿಗೆ ಸಾಕ್ಷಿಯಾದ,
ಒಬ್ಬ ನಿವೃತ್ತ ಕನ್ನಡ ಶಾಲೆ ಮಾಸ್ತರ

ತಾ. ಕ.: ಬೋಗಾಣಿಯ ಸಂಗತಿ ಬರೆಯುವುದು ಉಳಿಯಿತು. ಹೋದ ವರ್ಷ ಮೊದಲನೆಯ ಸಲ ಹೋದಾಗ, ಪುರಾವೆ ಏನು ಅಂತ ಕೇಳಿದ್ದರು. ಮರುದಿನ ಆ ಬೋಗಾಣಿಯನ್ನೂ ಫೂಟಪಟ್ಟಿಯನ್ನೂ ತಗೊಂಡು ಹೋಗಿ ಟೇಬಲ್ಲಿನ ಮೇಲೆ ಇಟ್ಟೆ. ನಕ್ಕರು. ಪುರಾವೆ ಅರ್ಜಿಯ ಜೊತೆಗೇ ಇರಬೇಕಾಗುತ್ತದೆ ಗುರೂಜಿ, ಬಿಟ್ಟು ಹೋಗಿ ಅಂದರು. ಸಿಟ್ಟಿನಲ್ಲಿ ಬಿಟ್ಟು ಬಂದೆ. ಇವತ್ತು ಕಂಪ್ಯೂಟರಿನ ಮುಂದೆ ಅದರಲ್ಲಿ ಪ್ರಸಾದದ ಚುರಮುರಿ ತುಂಬಿಟ್ಟಿದ್ದರು. ಅಂಚಿನಲ್ಲಿ ಕೊರೆಸಿದ ಅವ್ವನ ಹೆಸರು ಹಾಗೇ ಇದೆ, ಕನ್ನಡದಲ್ಲಿ. ಆ ಹುಡುಗನಿಗೆ ಅದು ಬಳ್ಳಿಯ ಚಿತ್ರ ಇದ್ದಂತೆ ಕಂಡಿರಬೇಕು.

ಮನೆಗೆ ಬಂದು ಹೇಳಿದೆ, ವಾದಳದ ಹೆಸರು ಕೇಳಿದರು ಅಂತ. ಅವ್ವನಿಗೆ ಕಿವಿ ಮಂದ. "ಯಾರ ಕೂಡ ವಾದ ಹಾಕಿ ಬಂದ್ಯೋ?" ಅಂದಳು. ಬೋಗಾಣಿ ಅಲ್ಲೇ ಐತಿ ಅಂದೆ. "ಸೋಮವಾರ ತಗೊಂಡ ಬಾ. ನೀನೂ ಅದರಾಗಿನ ಚುರಮುರಿ ತಿಂದೇನು?"

ತಿಂದಿದ್ದೆ. ಎರಡು ಸಲ ಹಾಕಿಸಿಕೊಂಡು.